ಕೌದಿ ಕಟ್ಟಿ ಡ್ರಮ್ಸ್ ಬಾರಿಸಿ

ಕನ್ನಡದ ರಾಕ್ ಆಲ್ಬಮ್‌ಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಕೊಪ್ಪಳ ಜಿಲ್ಲೆಯವೇ ಹೆಚ್ಚು. ಕೆಲವು ಜಗಳದ ಪತ್ರ, ಕೆಲವು ಲೆಕ್ಕದ ಪತ್ರ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿಕೊಂಡಿದ್ದೇನೆ.

ನಮಸ್ಕಾರ್ರಿ ಸರ. ರಘು ದೀಕ್ಷಿತ್ ಅವ್ರ ‘ಗುಡುಗುಡಿಯ ಸೇದಿ ನೋಡೋ’ ನಾ ದಿನಾ ಕೇಳ್ತೀನಿ. ನಮ್ಮ ಮುತ್ಯಾ ಸಣ್ಣಾಂವ ಇದ್ದಾಗಿಂದ ಭಜನಿ ಮ್ಯಾಳದಾಗ ಹಾಡಿದಾಂವ. ‘ಶರೀಫಜ್ಜನ ಪದಕ್ಕ ಡ್ರಮ್ಮು, ಗಿಟಾರು ಹಚ್ಚಿ ಕೆಡಿಸ್ಯಾರ’ ಅಂತ ಬೈತಾನ. ನಮ್ಮಿಬ್ಬರಾಗ ಯಾರದು ಖರೆ?
— ಕಾಲೇಜು ವಿದ್ಯಾರ್ಥಿ, ಕುಷ್ಟಗಿ

ತಮ್ಮಾ, ಮುತ್ಯಾನ ಸಿಟ್ಟಿನಲ್ಲಿ ಅರ್ಧ ಖರೆ ಇದೆ. ಆ ಅರ್ಧ ಡ್ರಮ್ಸಿಗೆ ಸಂಬಂಧಿಸಿದ್ದಲ್ಲ.

ತತ್ವಪದಕಾರ ಶಿಶುನಾಳ ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ಕಾಲದಲ್ಲಿ ಧ್ವನಿ ಮುದ್ರಿಸುವ ಯಂತ್ರ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಪದಗಳು ಉಳಿದದ್ದು ಏಕತಾರಿ, ದಮ್ಮಡಿ, ತಾಳದ ಜೊತೆ ಮೇಳದವರ ಬಾಯಲ್ಲಿ. ಒಂದೇ ಪದಕ್ಕೆ ಊರಿಗೊಂದು ಧಾಟಿ. ಆಮೇಲೆ ಸಿ. ಅಶ್ವತ್ಥ್ ಬಂದು ಅದೇ ಪದಗಳಿಗೆ ರಾಗ ಕಟ್ಟಿ, ವಾದ್ಯವೃಂದ ಕೂಡಿಸಿ, ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲಂತೂ ಅಶ್ವತ್ಥರ ಧಾಟಿಯೇ ಶರೀಫರ ಧಾಟಿ ಅನ್ನುವಷ್ಟು ಗಟ್ಟಿಯಾಯಿತು. ಮುತ್ಯಾ ಇವತ್ತು ಹಾಡುವ ಪದಗಳಲ್ಲಿ ಯಾವುದು ಮ್ಯಾಳದ್ದು, ಯಾವುದು ಕ್ಯಾಸೆಟ್ಟಿನದು ಎಂದು ಒಮ್ಮೆ ಕೇಳಿ ನೋಡು. ಮುತ್ಯಾನೇ ಯೋಚನೆಗೆ ಬೀಳಬಹುದು.

ಈಗ ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಮೊದಲ ಆಲ್ಬಮ್. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿವೆ, ನೀನು ಹೇಳಿದ್ದೊಂದು, ‘ಸೋರುತಿಹುದು ಮನಿಯ ಮಾಳಿಗಿ’ ಇನ್ನೊಂದು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಬಂತು. ಹೀಗೆ ಮತ್ತೆ ಮತ್ತೆ ಶರೀಫರ ಕಡೆಗೇ ಹೋಗುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಭಜನೆ ಮೇಳದ ಕಟ್ಟೋಣ ನೋಡು. ಒಬ್ಬ ಮುಂದೆ ಹೇಳುತ್ತಾನೆ, ಉಳಿದವರು ಪಲ್ಲವಿ ಎತ್ತಿಕೊಳ್ಳುತ್ತಾರೆ, ದಮ್ಮಡಿ ಲಯ ಬಿಡುವುದಿಲ್ಲ, ಏಕತಾರಿ ಒಂದೇ ಸ್ವರವನ್ನು ಕೆಳಗಿನಿಂದ ಹಿಡಿದು ನಿಲ್ಲಿಸುತ್ತದೆ. ರಾಕ್ ಬ್ಯಾಂಡಿನಲ್ಲಿ ಹಾಡುಗಾರ, ಕೋರಸ್, ಡ್ರಮ್ಸ್, ಬೇಸ್ ಮಾಡುವುದೂ ಇದನ್ನೇ. ಸಾವಿರ ಜನ ನಿಂತ ಮೈದಾನದಲ್ಲಿ ಎರಡನೇ ಸಲಕ್ಕೇ ಎಲ್ಲರ ಬಾಯಿಗೆ ಬರುವ ಪಲ್ಲವಿ ಬೇಕು. ಶರೀಫರಲ್ಲಿ ಅಂಥವು ರಾಶಿ ಇವೆ. ಮೊಹರಂನ ರಿವಾಯತ್ ಪದಗಳನ್ನೂ ಅವರು ಕಟ್ಟಿದ್ದರು. ಅಲಾಯಿ ಕುಣಿಯ ಸುತ್ತ ಹಲಗೆ ಬಡಿತಕ್ಕೆ ಹೆಜ್ಜೆ ಹಾಕುತ್ತ ರಿವಾಯತ್ ಹಾಡುವುದನ್ನು ನಿಮ್ಮ ಊರಲ್ಲೇ ನೀನು ನೋಡಿರುತ್ತಿ. ಆ ಸದ್ದಿನ ಮುಂದೆ ಡ್ರಮ್ಸ್ ಏನು ಮಹಾ?

ಮುತ್ಯಾನ ಕಡೆಯ ಖರೆ ಈಗ. ತತ್ವಪದ ಒಂದೇ ನುಡಿಯಲ್ಲಿ ಮುಗಿಯುವ ಸಂಗತಿಯಲ್ಲ. ಮೊದಲ ನುಡಿ ಒಗಟು ಹಾಕುತ್ತದೆ, ಮುಂದಿನದು ಅದನ್ನು ಸಿಕ್ಕು ಮಾಡುತ್ತದೆ, ಅಂಕಿತ ಬರುವ ಕೊನೆಯ ನುಡಿಗೆ ಬಂದಾಗ ಪೂರ್ತಿ ಪದ ತಿರುಗಿ ಬೇರೆಯೇ ಕಾಣುತ್ತದೆ. ಬ್ಯಾಂಡ್‌ಗಳು ಎರಡು ನುಡಿ ಹಾಡಿ, ಪಲ್ಲವಿಯನ್ನು ಎಂಟು ಸಲ ಕುಣಿಸಿ, ನಡುವೆ ಉದ್ದನೆಯ ಗಿಟಾರ್ ಸೋಲೋ ಇಟ್ಟು, ಅಂಕಿತದ ನುಡಿಯನ್ನೇ ಕತ್ತರಿಸಿದಾಗ ಕೆಡುವುದು ಪದ. ವಾದ್ಯ ಬದಲಾದದ್ದರಿಂದ ಕೆಡುವುದಕ್ಕಿಂತ ಹೆಚ್ಚು ಇದರಿಂದ ಕೆಡುತ್ತದೆ. ಇನ್ನೊಂದು ಸಲ ಕೇಳುವಾಗ ಯಾವ ಬ್ಯಾಂಡ್ ಎಷ್ಟು ನುಡಿ ಉಳಿಸಿದೆ, ಎಷ್ಟು ಬಿಟ್ಟಿದೆ ಎಂದು ಮುತ್ಯಾನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಣಿಸು. ಅವರಿಗೆ ಬಾಯಿಪಾಠ ಇರುತ್ತದೆ.

ನಾವು ನಾಲ್ಕು ಜನ ಗೆಳೆಯರು. ಗಿಟಾರ್, ಬೇಸ್, ಡ್ರಮ್ಸ್, ಹಾಡು. ಸ್ವಂತ ಆರು ಕನ್ನಡ ಹಾಡುಗಳಿವೆ. ಬೆಂಗಳೂರಿನ ಸ್ಟುಡಿಯೋಕ್ಕೆ ಹೋಗಿ ವಾರಗಟ್ಟಲೆ ಇರುವಷ್ಟು ದುಡ್ಡಿಲ್ಲ. ನಮ್ಮ ಮಾವನದೊಂದು ಗೋದಾಮು ಖಾಲಿ ಇದೆ. ಅಲ್ಲೇ ಆಲ್ಬಮ್ ಮಾಡಬಹುದೆ?
— ಬ್ಯಾಂಡಿನ ಹುಡುಗರು, ಗಂಗಾವತಿ

ಮಾಡಬಹುದು. ಆದರೆ ಗೋದಾಮಿಗೆ ಹೋಗುವ ಮೊದಲು ಮುಗಿಸಬೇಕಾದ ಕೆಲಸವೇ ಮುಕ್ಕಾಲು ಪಾಲು.

ಬೀಟಲ್ಸ್ ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಮುದ್ರಿಸಿದರು. ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಮ್ಮೂ ಹೆಚ್ಚುಕಡಿಮೆ ಒಂದು ದಿನದ ಕೆಲಸ. ಅವರೇನೂ ಮಾಂತ್ರಿಕರಲ್ಲ. ಅದಕ್ಕೂ ಮೊದಲು ಕ್ಲಬ್ಬುಗಳಲ್ಲಿ ರಾತ್ರಿ ರಾತ್ರಿ ಬಾರಿಸಿ, ಯಾವ ಹಾಡಿನ ಎಲ್ಲಿ ಜನ ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಾರೆ ಎಂಬುದನ್ನೆಲ್ಲ ತಿಳಿದುಕೊಂಡಿದ್ದರು. ನಿಮ್ಮ ಆರು ಹಾಡುಗಳನ್ನು ಕಾಲೇಜಿನ ಗ್ಯಾದರಿಂಗ್, ಗಣಪತಿ ಪೆಂಡಾಲು, ಗೆಳೆಯನ ಮದುವೆ, ಎಲ್ಲಿ ಕರೆದರೆ ಅಲ್ಲಿ ಹಾಡಿ. ಹಾಡಿದ ಮೇಲೆ ಕತ್ತರಿಸಿ. ಆರರಲ್ಲಿ ನಾಲ್ಕು ಉಳಿದರೂ ನಷ್ಟವಿಲ್ಲ.

ಮುಂದಿನದು ಗೋದಾಮಿನ ಪ್ರಶ್ನೆ. ಖಾಲಿ ಗೋದಾಮಿನಲ್ಲಿ ಚಪ್ಪಾಳೆ ತಟ್ಟಿ ನೋಡಿ, ಸದ್ದು ತಗಡಿನ ಮಾಡಿಗೆ ಬಡಿದು ತಿರುಗಿ ತಿರುಗಿ ಬರುತ್ತದೆ. ಆ ಮಾರ್ದನಿ ಒಮ್ಮೆ ಡ್ರಮ್ಸಿನ ಮೈಕಿನೊಳಗೆ ಹೊಕ್ಕರೆ ಆಮೇಲೆ ಯಾವ ಸಾಫ್ಟ್‌ವೇರಿಗೂ ಪೂರ್ತಿ ತೆಗೆಯಲಾಗುವುದಿಲ್ಲ. ಸ್ಟುಡಿಯೋದವರು ಗೋಡೆಗೆ ಹಚ್ಚುವ ಫೋಮ್ ಕೊಳ್ಳಬೇಡಿ. ತೆಳ್ಳನೆಯ ಫೋಮ್ ಚುರುಕು ಸದ್ದನ್ನಷ್ಟೇ ನುಂಗುತ್ತದೆ, ಬೇಸನ್ನು ಬಿಟ್ಟುಬಿಡುತ್ತದೆ. ಮನೆಯಲ್ಲಿ ಅಜ್ಜಿ ಹೊಲಿದ ಕೌದಿಗಳಿರುತ್ತವಲ್ಲ, ಹಳೆಯ ಸೀರೆ, ಧೋತರ ಪದರ ಪದರವಾಗಿ ಹೊಲಿದದ್ದು, ಅವನ್ನು ತನ್ನಿ. ಡ್ರಮ್ಸಿನ ಮೂರು ಕಡೆ ಹಗ್ಗ ಕಟ್ಟಿ ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ಒಂದು ಗೇಣು ಮುಂದಿರಲಿ. ಗೋಡೆಗೂ ಬಟ್ಟೆಗೂ ನಡುವೆ ಗಾಳಿ ಇದ್ದರೆ ಇನ್ನಷ್ಟು ಕೆಳಗಿನ ಸದ್ದೂ ಹೀರಿಕೊಳ್ಳುತ್ತದೆ. ಮೂಲೆಗಳಲ್ಲಿ ಭತ್ತದ ಚೀಲದ ಥಪ್ಪಿ ಹಾಕಿ. ಬೇಸಿನ ಗುಂಯ್‌ಗುಡುವಿಕೆ ಜಮಾಯಿಸುವುದೇ ಮೂಲೆಗಳಲ್ಲಿ. ಸೋನಾಮಸೂರಿಯ ಊರಲ್ಲಿ ಚೀಲಕ್ಕೇನು ಬರ!

ಆಮೇಲೆ ಕರೆಂಟು. ಸುತ್ತ ಅಕ್ಕಿ ಗಿರಣಿ ಇದ್ದರೆ ಹಗಲಿನಲ್ಲಿ ಮುದ್ರಣದ ಯೋಚನೆ ಬಿಡಿ. ಮೋಟಾರಿನ ನಡುಕ ನೆಲದೊಳಗಿಂದ ಮೈಕ್ ಸ್ಟ್ಯಾಂಡಿಗೆ ಹತ್ತುತ್ತದೆ. ಗಿಟಾರ್ ಆಂಪ್ಲಿಫೈಯರಿನಲ್ಲಿ ಬರುವ ‘ಹೂಂ’ ಎಂಬ ಸದ್ದು ನಮ್ಮ ವಿದ್ಯುತ್ತಿನ 50 ಹರ್ಟ್ಜ್, ಅದರ ಇಮ್ಮಡಿ 100. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಹೋಗುವುದಿಲ್ಲ. ಗುರುತಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೊದಲು ಅದನ್ನು ನೋಡಿಸಿ, ಎಲ್ಲ ಸಲಕರಣೆಗಳನ್ನೂ ಒಂದೇ ಬೋರ್ಡಿಗೆ ಕೊಡಿ. ಇನ್ವರ್ಟರಿನ ಮೇಲೆ ಮುದ್ರಿಸಬೇಡಿ, ಅಗ್ಗದ ಇನ್ವರ್ಟರು ತನ್ನದೇ ಒಂದು ಕರ್ಕಶ ಸ್ವರ ಸೇರಿಸುತ್ತದೆ. ಕರೆಂಟು ಹೋದರೆ ಚಹಾ ಕುಡಿಯಿರಿ.

ಮುದ್ರಣದ ಕ್ರಮ ಸಾಮಾನ್ಯವಾಗಿ ಹೀಗೆ. ಮೊದಲು ಗಿಟಾರ್ ಮತ್ತು ಹಾಡಿನ ಕಚ್ಚಾ ಟ್ರ್ಯಾಕ್, ಅದನ್ನು ಕೇಳುತ್ತ ಡ್ರಮ್ಸ್, ಅದರ ಮೇಲೆ ಬೇಸ್, ಆಮೇಲೆ ಗಿಟಾರುಗಳು, ಕೊನೆಗೆ ದನಿ. ಕಿವಿಗೆ ತಾಳ ತೋರುವ ಕ್ಲಿಕ್ ಹಾಕಿಕೊಂಡು ಬಾರಿಸುವುದೋ ಬೇಡವೋ ಎಂಬ ಜಗಳ ನಿಮ್ಮಲ್ಲೂ ಆಗುತ್ತದೆ. ನನ್ನ ಮಾತು: ಭಜನೆಯ ಹಾಗೆ ಕೊನೆಯಲ್ಲಿ ವೇಗ ಏರುವ ಹಾಡಿದ್ದರೆ ಕ್ಲಿಕ್ ಬಿಡಿ, ನಾಲ್ವರೂ ಒಟ್ಟಿಗೆ ಬಾರಿಸಿ. ಉಳಿದವಕ್ಕೆ ಕ್ಲಿಕ್ ಇರಲಿ, ತಿದ್ದುವುದು ಸುಲಭ. 24 ಬಿಟ್, 48 ಕಿಲೋಹರ್ಟ್ಜ್ ಸಾಕು. ಅದಕ್ಕಿಂತ ಮೇಲೆ ಹೋದರೆ ತುಂಬುವುದು ನಿಮ್ಮ ಹಾರ್ಡ್‌ಡಿಸ್ಕ್ ಮಾತ್ರ.

ಕನ್ನಡ ಬ್ಯಾಂಡಿಗೆ ಮುಖ್ಯವಾದ ಸಂಗತಿ ಇದು. ನಮ್ಮ ಮಾತಿನ ಬಿಗಿ ಇರುವುದು ಒತ್ತಕ್ಷರಗಳಲ್ಲಿ, ತ್ತ, ಕ್ಕ, ಟ್ಟ, ಚ್ಚ. ಇವು ಕಿವಿಗೆ ಸ್ಪಷ್ಟವಾಗುವುದು ಸುಮಾರು 2ರಿಂದ 4 ಕಿಲೋಹರ್ಟ್ಜ್ ನಡುವೆ. ಡಿಸ್ಟಾರ್ಷನ್ ಹಾಕಿದ ಗಿಟಾರು ಕಿರುಚುವ ಜಾಗವೂ ಅದೇ. ಇಬ್ಬರನ್ನೂ ಅಲ್ಲೇ ಕೂರಿಸಿದರೆ ‘ಹತ್ತಿ’ ಹೋಗಿ ‘ಹಾತಿ’ ಆಗುತ್ತದೆ. ಹಾಡು ನಡೆಯುವಾಗ ಗಿಟಾರನ್ನು ಆ ಪಟ್ಟಿಯಲ್ಲಿ ಮೂರು ನಾಲ್ಕು ಡೆಸಿಬಲ್ ಇಳಿಸಿ, ಹಾಡು ನಿಂತಾಗ ಬೇಕಾದರೆ ಕೂಗಲಿ. ಗಿಟಾರಿಸ್ಟ್ ಮುನಿಸಿಕೊಳ್ಳುತ್ತಾನೆ, ಮುನಿಸಿಕೊಳ್ಳಲಿ. ಇನ್ನು ಟ್ಯೂನ್ ಕಟ್ಟುವಾಗಲೇ ಹ್ರಸ್ವ ಸ್ವರವನ್ನು ನಾಲ್ಕು ಮಾತ್ರೆ ಎಳೆದಿದ್ದರೆ ಯಾವ ಮಿಕ್ಸಿಂಗ್ ಎಂಜಿನಿಯರನೂ ಕಾಪಾಡಲಾರ. ಇಂಗ್ಲಿಷ್ ಹಾಡಿನ ಮೀಟರಿಗೆ ಕನ್ನಡ ತುಂಬಿದವರಲ್ಲೆಲ್ಲ ಈ ದೋಷ ಇದೆ, ದೊಡ್ಡ ಹೆಸರಿನವರಲ್ಲೂ.

ದುಡ್ಡು ಉಳಿದರೆ ಅದನ್ನು ಮಿಕ್ಸಿಂಗಿಗೆ ಖರ್ಚು ಮಾಡಿ. ಫೈಲುಗಳನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ಕಳಿಸಿದರೆ ಆಯಿತು, ನೀವು ಹೋಗಬೇಕಿಲ್ಲ. ಮಿಕ್ಸ್ ತಿರುಗಿ ಬಂದ ಮೇಲೆ ಎರಡು ಕಡೆ ಕೇಳಿ. ಒಂದು, ಅಗ್ಗದ ಫೋನಿನ ಸ್ಪೀಕರ್. ಅದರಲ್ಲಿ 200 ಹರ್ಟ್ಜಿಗಿಂತ ಕೆಳಗೆ ಹೆಚ್ಚೇನೂ ಕೇಳಿಸುವುದಿಲ್ಲ, ಬೇಸ್ ಗಿಟಾರಿನ ಕೆಳತಂತಿಯೋ 41 ಹರ್ಟ್ಜ್. ಹಾಗಾಗಿ ಬೇಸಿಗೆ ಸ್ವಲ್ಪ ಡಿಸ್ಟಾರ್ಷನ್ ಸೇರಿಸಿ ಮೇಲಿನ ಸ್ವರಗಳು ಕೇಳುವಂತೆ ಮಾಡಿಸಿ. ಎರಡು, ಟ್ರ್ಯಾಕ್ಟರ್. ಅದರ ಮೇಲಿನ ಡಬ್ಬಿಗಳಲ್ಲಿ ಬೇಸ್ ಎಷ್ಟಿರುತ್ತದೆ ಎಂದು ನಿಮಗೆ ನಾನು ಹೇಳಬೇಕೆ? ಎರಡರಲ್ಲೂ ಮಾತು ತಿಳಿದರೆ ಮಿಕ್ಸ್ ಮುಗಿಯಿತು.

ಈಗ ಎಲ್ಲರೂ ಒಂದೊಂದೇ ಹಾಡು ಬಿಡುತ್ತಿರುವಾಗ ಆಲ್ಬಮ್ ಎಂಬ ಗಂಟು ಯಾಕೆ ಬೇಕು?
— ಮೊಬೈಲ್ ಅಂಗಡಿಯವರು, ಕೊಪ್ಪಳ

ಬೇಡದಿದ್ದರೆ ಬೇಡ. ಆಲ್ಬಮ್ ಹುಟ್ಟಿದ್ದೇ ತಟ್ಟೆಯ ಅಳತೆಯಿಂದ. ಹಳೆಯ 78 ಆರ್‌ಪಿಎಂ ತಟ್ಟೆಯಲ್ಲಿ ಒಂದು ಬದಿಗೆ ಮೂರು–ನಾಲ್ಕು ನಿಮಿಷ ಹಿಡಿಸುತ್ತಿತ್ತು. 1948ರಲ್ಲಿ ಎಲ್‌ಪಿ ಬಂದ ಮೇಲೆ ಬದಿಗೆ ಇಪ್ಪತ್ತು ನಿಮಿಷ ಮೀರಿತು. ಕನ್ನಡದಲ್ಲಿ ಕ್ಯಾಸೆಟ್ಟಿನ ಜಾತ್ರೆ ಶುರುವಾದದ್ದು 1978ರ ‘ನಿತ್ಯೋತ್ಸವ’ದಿಂದ: ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಒಬ್ಬ ಕವಿಯ ಹತ್ತು ಕವಿತೆ ಸಾಲಾಗಿ ಕೇಳಿದಾಗ ಕವಿ ಯಾರೆಂದು ತಿಳಿಯುತ್ತದೆ, ಒಂದರಿಂದ ತಿಳಿಯುವುದಿಲ್ಲ. ಬ್ಯಾಂಡಿಗೂ ಅಷ್ಟೇ. ಆದರೆ ಹೇಳುವ ಹತ್ತು ಸಂಗತಿ ಇಲ್ಲದವನು ಆಲ್ಬಮ್ ಮಾಡಿದರೆ ಒಂದು ಒಳ್ಳೆಯ ಹಾಡೂ ಒಂಬತ್ತು ಭರ್ತಿ ಮಾಲೂ ಆಗುತ್ತದೆ. ಅಂಥವರು ಒಂದೊಂದೇ ಬಿಡಲಿ.

ಸ್ವರಾತ್ಮ, ರಘು ದೀಕ್ಷಿತ್ ಇವರೆಲ್ಲ ಮೈಸೂರು–ಬೆಂಗಳೂರಿನವರೇ ಅಲ್ಲವೆ? ಕನ್ನಡದ ಬ್ಯಾಂಡ್ ಎಂದು ನಾವು ಹೆಮ್ಮೆ ಪಡುತ್ತೇವೆ, ಆಲ್ಬಮ್ ತೆರೆದರೆ ಹಿಂದಿ ಹಾಡುಗಳೇ ಹೆಚ್ಚು. ಇದು ಕನ್ನಡಕ್ಕೆ ಮಾಡಿದ ಮೋಸವಲ್ಲವೆ?
— ನಿವೃತ್ತ ಶಿಕ್ಷಕರು, ಯಲಬುರ್ಗಾ

ಗುರುಗಳೇ, ಮೋಸ ಎಂಬ ಮಾತು ಭಾರವಾಯಿತು. ಬೇಸರ ನನಗೂ ಇದೆ.

ಲೆಕ್ಕ ಹೀಗಿದೆ. ಸ್ವರಾತ್ಮದ ಆಲ್ಬಮ್‌ಗಳು ಬಂದದ್ದು 2009, 2012, 2018ರಲ್ಲಿ. ಎರಡನೆಯದಾದ ‘ಟೋಪಿವಾಲ್ಲೆ’ಗೆ ನಿರ್ಮಾಪಕರಾಗಿ ನಿಂತವರು ಶಂಕರ್–ಎಹಸಾನ್–ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ. ಈ ತಲೆಮಾರಿನ ಬ್ಯಾಂಡುಗಳ ಹೊಟ್ಟೆ ತುಂಬಿದ್ದು ಸಿ.ಡಿ. ಮಾರಾಟದಿಂದಲ್ಲ, ಕಾಲೇಜು ಉತ್ಸವ, ಕಂಪನಿಗಳ ಕಾರ್ಯಕ್ರಮ, ದೇಶದ ಬೇರೆ ಬೇರೆ ಊರಿನ ಸಂಗೀತ ಉತ್ಸವಗಳಿಂದ. ಪುಣೆ, ದೆಹಲಿಯಲ್ಲಿ ಹಾಡುವವನಿಗೆ ಹಿಂದಿ ಬೇಕಾಯಿತು. ರಘು ದೀಕ್ಷಿತರ ಮೊದಲ ಆಲ್ಬಮ್ಮೂ ಬೆಂಗಳೂರಿನ ದುಡ್ಡಿನಿಂದ ಹೊರಬಂದದ್ದಲ್ಲ. ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆಯದಿದ್ದಾಗ, ಮುಂಬೈಯಲ್ಲಿ ಅವರ ಹಾಡು ಕೇಳಿದ ಸಿನಿಮಾ ಸಂಗೀತಗಾರರಾದ ವಿಶಾಲ್–ಶೇಖರ್ ತಮ್ಮದೇ ಹೊಸ ಲೇಬಲ್‌ನಿಂದ ಅದನ್ನು ಹೊರತಂದರು. ಕನ್ನಡದ ಕಂಪನಿಯೊಂದು ಆಗ ‘ಬಾ ತಮ್ಮಾ, ಹತ್ತೂ ಹಾಡು ಕನ್ನಡದಲ್ಲಿ ಹಾಡು’ ಅಂದಿದ್ದರೆ ಈ ಪತ್ರವನ್ನು ನೀವು ಬರೆಯುತ್ತಿರಲಿಲ್ಲ.

ಆದರೂ ಒಂದು ಗಮನಿಸಿ. ಎರಡೂ ಬ್ಯಾಂಡುಗಳ ಕನ್ನಡ ಹಾಡುಗಳಲ್ಲಿ ಇರುವ ಗಟ್ಟಿತನ ಅವರದೇ ಹಿಂದಿ ಹಾಡುಗಳಲ್ಲಿ ಕಡಿಮೆ. ಹಿಂದಿ ಸಾಲುಗಳು ಜಾರುತ್ತ ಹೋಗುತ್ತವೆ, ಕನ್ನಡಕ್ಕೆ ಬಂದಾಗ ದನಿ ನೆಲಕ್ಕೆ ಕಾಲೂರುತ್ತದೆ. ಇದು ನನ್ನ ಕಿವಿಯ ತೀರ್ಪು, ಒಪ್ಪದವರು ಇದ್ದಾರೆ. ಮೈಸೂರು–ಬೆಂಗಳೂರಿನ ಪ್ರಶ್ನೆಗೆ ಉತ್ತರ ನಾನು ಕೊಡುವುದಿಲ್ಲ, ಮೇಲಿನ ಗಂಗಾವತಿಯ ಹುಡುಗರು ಕೊಡಬೇಕು. ಕನ್ನಡದ ತಿರುಳು ಇರುವ ನಾಡು ಎಂದು ‘ಕವಿರಾಜಮಾರ್ಗ’ ಹೆಸರಿಸಿದ ಊರುಗಳಲ್ಲಿ ನಿಮ್ಮ ಕೊಪಣವೂ, ಅಂದರೆ ಇಂದಿನ ಕೊಪ್ಪಳವೂ, ಒಂದು. ಅಲ್ಲಿಂದ ಒಂದು ಪೂರ್ತಿ ಕನ್ನಡ ಆಲ್ಬಮ್ ಬರಲಿ.

ನಾವು ಶರೀಫರ ಪದವೊಂದನ್ನೂ, ಬೇಂದ್ರೆಯವರ ಕವಿತೆಯೊಂದನ್ನೂ ನಮ್ಮ ಆಲ್ಬಮ್ಮಿಗೆ ತೆಗೆದುಕೊಂಡಿದ್ದೇವೆ. ಯಾರ ಅನುಮತಿ ಬೇಕು? ಯೂಟ್ಯೂಬಿನಲ್ಲಿ ಎಲ್ಲರೂ ಹಾಡುತ್ತಾರಲ್ಲ?
— ಹಾಡುಗಾರ್ತಿ, ಕೊಪ್ಪಳ

ಎಲ್ಲರೂ ಹಾಡುತ್ತಾರೆ ಎಂಬುದು ಕೋರ್ಟಿನಲ್ಲಿ ನಡೆಯುವ ಉತ್ತರವಲ್ಲ ತಂಗಿ. ನಮ್ಮ ಕಾನೂನಿನ ಪ್ರಕಾರ ಕವಿತೆಯ ಹಕ್ಕು ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಶರೀಫರು ಹೋದದ್ದು 1889ರಲ್ಲಿ, ಹಾಗಾಗಿ ಅವರ ಪದ ಎಲ್ಲರದು. ಬೇಂದ್ರೆ ಹೋದದ್ದು 1981ರಲ್ಲಿ, ಹಾಗಾಗಿ 2041 ಮುಗಿಯುವವರೆಗೆ ಹಕ್ಕು ವಾರಸುದಾರರದು. ಬರೆದು ಕೇಳಿ, ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಹೆಚ್ಚಿನವರು ಎಡವುವುದು ಬೇರೆ ಕಡೆ. ಪದ ಶರೀಫರದ್ದಾದರೂ ನೀವು ಹಾಡುವ ಧಾಟಿ ಯಾರದು? ಸಿ. ಅಶ್ವತ್ಥ್ ಕಟ್ಟಿದ ರಾಗವಾದರೆ ಅದು ಪ್ರತ್ಯೇಕ ಕೃತಿ. ಅವರು ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ರಾಗದ ಹಕ್ಕು 2069ರವರೆಗೆ ಇದೆ. ಕವರ್ ವರ್ಷನ್ನಿಗೆ ಕಾನೂನಿನಲ್ಲಿ ಒಂದು ದಾರಿ ಇದೆ ನಿಜ, ಮೊದಲ ಮುದ್ರಣವಾಗಿ ಐದು ವರ್ಷ ಕಳೆದಿರಬೇಕು, ಮುಂಚೆಯೇ ನೋಟಿಸು ಕೊಡಬೇಕು, ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಅಷ್ಟು ಮಾಡಿದರೂ ಮೂಲವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ರಾಕ್ ಬ್ಯಾಂಡ್ ಮಾಡುವುದೇ ಬದಲಾವಣೆ! ಹಾಗಾಗಿ ನಿಮಗೆ ಎರಡೇ ನೇರ ದಾರಿ: ಹಕ್ಕುದಾರರ ಒಪ್ಪಿಗೆ, ಇಲ್ಲವೇ ಹೊಸ ಧಾಟಿ. ಎರಡನೆಯದೇ ಒಳ್ಳೆಯದು. ನಿಮ್ಮ ಊರಿನ ಭಜನೆ ಮೇಳದಲ್ಲಿ ಕ್ಯಾಸೆಟ್ಟಿಗೆ ಸಿಕ್ಕದ ಧಾಟಿಗಳಿರುತ್ತವೆ, ಹೋಗಿ ಕುಳಿತು ಕೇಳಿ. ಅಲ್ಲಿಂದ ತಂದರೆ ಆಲ್ಬಮ್ಮಿನಲ್ಲಿ ಆ ಮೇಳದ ಹೆಸರು ಹಾಕಿ, ಸಂಭಾವನೆ ಕೊಡಿ. ಕಾನೂನು ಕೇಳುವುದಿಲ್ಲ, ನೀವು ಮಾಡಿ.

ಸ್ವಂತ ಹಾಡುಗಳಿಗೂ ಒಂದು ಮಾತು. 2012ರ ತಿದ್ದುಪಡಿಯ ನಂತರ ಹಾಡು ಬರೆದವರು, ರಾಗ ಕಟ್ಟಿದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಪೂರ್ತಿ ಬರೆದುಕೊಡುವಂತಿಲ್ಲ, ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ರಾಯಧನ ಸಂಗ್ರಹಿಸಿ ಹಂಚುವ, 1969ರಿಂದ ಇರುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸದಸ್ಯರಾಗಿ. ನಾಲ್ವರಲ್ಲಿ ಯಾರು ಯಾವ ಸಾಲು ಬರೆದರು ಎಂದು ಸ್ನೇಹ ಚೆನ್ನಾಗಿರುವಾಗಲೇ ಕಾಗದದ ಮೇಲೆ ಹಾಕಿ ಸಹಿ ಮಾಡಿಕೊಳ್ಳಿ.

ನನ್ನ ಮಗ ರಾತ್ರಿಯೆಲ್ಲ ಕರೆಂಟ್ ಗಿಟಾರು ಬಾರಿಸುತ್ತಾನೆ. ಓಣಿಯವರು ಬೈಯುತ್ತಾರೆ. ಓದು ಕೆಟ್ಟಿತು ಅಂತ ಇವನಪ್ಪನ ಜಗಳ ಬೇರೆ. ಏನು ಮಾಡಲಿ?
— ಗೃಹಿಣಿ, ಗಂಗಾವತಿ

ಅಕ್ಕಾರ, ಓಣಿಯವರ ಜಗಳಕ್ಕೆ ಮದ್ದಿದೆ. ಗಿಟಾರಿಗೆ ಹಚ್ಚುವ ಹೆಡ್‌ಫೋನ್ ಆಂಪ್ಲಿಫೈಯರ್ ಬೆಂಕಿಪೊಟ್ಟಣದಷ್ಟು ಇರುತ್ತದೆ, ಕೊಡಿಸಿ. ಅವನಿಗೆ ಪೂರ್ತಿ ಸದ್ದು, ಓಣಿಗೆ ತಂತಿಯ ಕಿರಿಕಿರಿ ಅಷ್ಟೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸ್ಪೀಕರ್ ಹಚ್ಚಿದರೆ ಓಣಿಯವರ ಕಡೆ ಕಾನೂನೂ ಇದೆ, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಇವನಪ್ಪನ ಜಗಳಕ್ಕೆ: ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿಯಲ್ಲಿ ಚಿನ್ನದ ಪದಕ ಪಡೆದವರು ಎಂದು ಊಟದ ಹೊತ್ತಿನಲ್ಲಿ ತಿಳಿಸಿ. ಮಗನಿಗೂ ಕೇಳುವಂತೆ ಹೇಳಿ, ಅದು ಎರಡೂ ಕಡೆ ಕೆಲಸ ಮಾಡುವ ಮಾತು.

ನಮ್ಮ ಆಲ್ಬಮ್ಮಿನಲ್ಲಿ ಹುಲಿಗಿಯ ಜೋಗತಿಯರ ಚೌಡಿಕೆ ಸೇರಿಸಬೇಕೆಂದಿದ್ದೇವೆ. ಮುದ್ರಿಸಿದಾಗ ಡ್ರಮ್ಸಿನ ಕೆಳಗೆ ಮುಚ್ಚಿಹೋಯಿತು. ಸ್ಯಾಂಪಲ್ ಹಾಕಿದರೆ ಆಗದೆ?
— ಕೀಬೋರ್ಡ್ ನುಡಿಸುವವ, ಮುನಿರಾಬಾದ್

ಸ್ಯಾಂಪಲ್ ಹಾಕಬೇಡಿ. ಚೌಡಿಕೆಯ ಜೀವ ಇರುವುದು ಬಿಗಿ ಬದಲಿಸಿದಾಗ ಸ್ವರ ಮೇಲೆ ಕೆಳಗೆ ಜಾರುವುದರಲ್ಲಿ; ಅದು ತಂತಿವಾದ್ಯವೂ ಹೌದು, ತಾಳವಾದ್ಯವೂ ಹೌದು. ಒಂದೊಂದೇ ಬಡಿತವನ್ನು ಕತ್ತರಿಸಿ ಜೋಡಿಸಿದರೆ ಆ ಜಾರು ಸಾಯುತ್ತದೆ. ಎರಡು ಮೈಕ್ ಇಡಿ, ಒಂದು ತಂತಿಯ ಹತ್ತಿರ, ಇನ್ನೊಂದು ಪಾತ್ರೆಯ ಬಾಯಿಯ ಕಡೆ. ಚೌಡಿಕೆ ಇರುವ ನುಡಿಯಲ್ಲಿ ಡ್ರಮ್ಸ್ ನಿಲ್ಲಿಸಿ, ಬರೀ ಬೇಸ್ ಗಿಟಾರ್ ಇರಲಿ. ನುಡಿಸುವವರನ್ನು ಕ್ಲಿಕ್ಕಿಗೆ ಕಟ್ಟಿಹಾಕಬೇಡಿ. ಮೊದಲು ಅವರದನ್ನು ಮುದ್ರಿಸಿ, ನಿಮ್ಮ ಬ್ಯಾಂಡ್ ಅವರ ನಡೆಗೆ ಹೊಂದಿಕೊಳ್ಳಲಿ. ನಿಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ. ಜೋಗತಿಯರು, ಭೀಮವ್ವ ಇಂಥ ಜನಪದ ಕಲಾವಿದರ ಜೊತೆ ಕೂತು ಕಲಿಯುವ ಅವಕಾಶ ಬೆಂಗಳೂರಿನ ಬ್ಯಾಂಡುಗಳಿಗಿಲ್ಲ. ನಿಮಗಿದೆ, ಬಸ್ ಚಾರ್ಜಿನಷ್ಟು ದೂರದಲ್ಲಿ.

ಎಂಟು ತಿಂಗಳು ಒದ್ದಾಡಿ ಆಲ್ಬಮ್ ಬಿಟ್ಟೆವು. ಮೊದಲ ವಾರ ಕೇಳಿದವರು ನಮ್ಮ ನೆಂಟರಷ್ಟೇ. ಅದೇ ವಾರ ಒಂದು ಜಾನಪದ ಡಿಜೆ ಹಾಡಿಗೆ ಲಕ್ಷಗಟ್ಟಲೆ ವ್ಯೂಸ್. ಒಬ್ಬರು ‘ಇದು ನಮ್ಮ ಮಂದಿಗೆ ಹತ್ತೋದಿಲ್ಲ’ ಎಂದು ಕಮೆಂಟ್ ಬರೆದರು. ಸೋತೆವೋ?
— ಬ್ಯಾಂಡಿನ ಡ್ರಮ್ಮರ್, ಯಲಬುರ್ಗಾ

ಮೊದಲ ವಾರದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ರಘು ದೀಕ್ಷಿತರ ಆಲ್ಬಮ್ 2008ರ ಆರಂಭದಲ್ಲಿ ಬಂತು. ಅದು ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತಲೆಗೆ ಏರಿದ್ದು 2010ರಲ್ಲಿ, ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ. ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವ, ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಆ ಹಾಡುಗಳೇನೂ ಎರಡು ವರ್ಷದಲ್ಲಿ ಬದಲಾಗಿರಲಿಲ್ಲ. ವಿಮರ್ಶಕರ ಮಾತಿಗೂ ಹೆದರಬೇಡಿ. ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಮ್ಮನ್ನು 1970ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ತೆಗೆದು ಬಿಸಾಡಿತ್ತು. ಜನ ಕೊಂಡುಕೊಂಡರು, ಅದರಿಂದ ಹೆವಿ ಮೆಟಲ್ ಎಂಬ ಸಂಗೀತವೇ ಹುಟ್ಟಿತು.

ಜಾನಪದ ಡಿಜೆ ಹಾಡಿನ ಮೇಲೆ ಹೊಟ್ಟೆಕಿಚ್ಚು ಬೇಡ, ಅದನ್ನು ಕೂತು ಕೇಳಿ. ಮೊದಲ ಹತ್ತು ಸೆಕೆಂಡಿನಲ್ಲೇ ಹಾಡುವವರ ದನಿ ಬರುತ್ತದೆ. ನಮ್ಮ ಕಡೆಯ ಮಾತು, ನಮ್ಮ ಕಡೆಯ ಊರಿನ ಹೆಸರು, ಒಂದು ಕತೆ. ನೀವು ಕಳಿಸಿದ ಲಿಂಕ್ ಕೇಳಿದೆ. ಮೊದಲ ಹಾಡಿನಲ್ಲಿ ಮಾತು ಶುರುವಾಗುವುದು ಒಂದು ನಿಮಿಷ ಕಳೆದ ಮೇಲೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಎಂದು ಎಣಿಕೆ; ವರ್ಷಕ್ಕೆ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಪೈಸೆಯೂ ಇಲ್ಲ. ಗಿಟಾರಿನ ಮುನ್ನುಡಿ ಮುಗಿಯುವ ಮೊದಲೇ ಕೇಳುಗ ಮುಂದಿನ ಹಾಡಿಗೆ ಹೋಗಿರುತ್ತಾನೆ. ನಿಮ್ಮ ಮೂರನೇ ಹಾಡು, ಆ ಬಾವಿ ಬತ್ತಿದ ಹೊಲದ್ದು, ಆಲ್ಬಮ್ಮಿನಲ್ಲೇ ಒಳ್ಳೆಯದು. ಅದು ಮಾತಿನಿಂದಲೇ ಶುರುವಾಗುತ್ತದೆ. ಅದನ್ನು ಮೊದಲಿಗೆ ತನ್ನಿ.

‘ನಮ್ಮ ಮಂದಿಗೆ ಹತ್ತೋದಿಲ್ಲ’ ಎಂದವರಿಗೆ ಉತ್ತರ ಬರೆಯುತ್ತ ಕೂರಬೇಡಿ. ಗವಿಮಠದ ಜಾತ್ರೆಯ ಹೊತ್ತಿಗೆ ಊರೂರಿನಿಂದ ಮಂದಿ ಕೊಪ್ಪಳಕ್ಕೆ ಬರುತ್ತಾರೆ, ವೇದಿಕೆಗಳು, ಹಾಡಿನ ಗುಂಪುಗಳು ಇರುತ್ತವೆ. ಡ್ರಮ್ಸ್ ಮನೆಯಲ್ಲಿಡಿ. ಒಂದು ಅಕೌಸ್ಟಿಕ್ ಗಿಟಾರು, ಒಂದು ದಮ್ಮಡಿ, ಇಬ್ಬರ ದನಿ ಸಾಕು. ಆ ಮೂರನೇ ಹಾಡನ್ನು ಹಾಡಿ. ಎರಡನೇ ಸಲ ಪಲ್ಲವಿಗೆ ಬಂದಾಗ ನೀವು ಸುಮ್ಮನಾಗಿ, ಎದುರಿನವರು ಎತ್ತಿಕೊಳ್ಳುತ್ತಾರೋ ನೋಡಿ. ಎತ್ತಿಕೊಳ್ಳದಿದ್ದರೆ ಪಲ್ಲವಿ ತಿದ್ದಿ ಮತ್ತೊಮ್ಮೆ ಮುದ್ರಿಸಿ. ಎತ್ತಿಕೊಂಡರೆ ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡು ನನಗೂ ಕಳಿಸಿ.